ಶಾಂತಿ ಸಂಸ್ಥೆಯಲ್ಲಿ ನಾನು ಮಾಡಿಸಿದ ರಾಜಿ

ಕೆಲಸಕ್ಕೆ ಸೇರಿದ ಮೊದಲ ಸೋಮವಾರವೇ ನನ್ನ ಕಣ್ಣೆದುರು ಜಗಳವಾಯಿತು. ಅದೂ ಶಾಂತಿ ಮತ್ತು ಸಂಘರ್ಷಗಳನ್ನು ಅಧ್ಯಯನ ಮಾಡುವ ಸಂಸ್ಥೆಯೊಳಗೆ.

“ಆಂಕೆ, ನಿನ್ನ ಈ ಪಟ್ಟಿ ತಪ್ಪು. ಹೀಗೇ ಹೊರಗೆ ಕಳಿಸಿದರೆ ನಾವು ಸುಳ್ಳು ಹೇಳಿದಂತೆ,” ಎಂದ ಯೋನಾಸ್. ಅವನು ಪಿಎಚ್‌ಡಿ ವಿದ್ಯಾರ್ಥಿ. ಆಂಕೆ ಇಡೀ ಯೋಜನೆಯ ಮುಖ್ಯಸ್ಥೆ, ಅವನಿಗಿಂತ ಬಹಳ ದೊಡ್ಡವರು. ಆಕೆ ಮುಖ ಕೂಡ ಬದಲಿಸದೆ, “ಹಾಗಾದರೆ ಸಾಬೀತು ಮಾಡು,” ಎಂದರು. ಮೇಜಿನ ಸುತ್ತ ಕೂತವರು ಸೇಬು ಕಚ್ಚುತ್ತಾ ಕೇಳುತ್ತಿದ್ದರು. ಯಾರೂ ನಡುವೆ ಬರಲಿಲ್ಲ. ನಮ್ಮ ಕಡೆಯಾಗಿದ್ದರೆ ಅಷ್ಟರಲ್ಲಿ ನಾಲ್ಕು ಜನ ಎದ್ದು “ಓಗ್ಲಿ ಬಿಡಪ್ಪೋ” ಎನ್ನುತ್ತಿದ್ದರು.

ಜರ್ಮನಿಯಲ್ಲಿ ನನ್ನಂಥವರಿಗೆ ‘ಹಿವಿ’ ಎನ್ನುತ್ತಾರೆ. ಓದುತ್ತಲೇ ವಾರಕ್ಕಿಷ್ಟು ಗಂಟೆ ಸಂಶೋಧನೆಗೆ ಕೈಜೋಡಿಸುವ ವಿದ್ಯಾರ್ಥಿ. ದಕ್ಷಿಣ ಭಾರತದ ಪತ್ರಿಕೆಗಳನ್ನು ಓದಿ, ನೀರಿಗೆ, ದಾರಿಗೆ, ಜಮೀನಿಗೆ ಆದ ಜಗಳಗಳನ್ನು ಪಟ್ಟಿಗೆ ಸೇರಿಸುವುದು ನನ್ನ ಕೆಲಸ: ಯಾವಾಗ ಶುರುವಾಯಿತು, ಕಲ್ಲು ಬಿತ್ತೇ, ಯಾವಾಗ ಮುಗಿಯಿತು. ಕನ್ನಡ ಮನೆಯದು, ತೆಲುಗು ಊರ ಗಡಿಯದು. ತಮಿಳು ಮಾತ್ರ ರೈಲಿನದು. ಕಾಮಸಮುದ್ರದಿಂದ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ಮಾರಿಕುಪ್ಪಂ ರೈಲು ಹತ್ತಿ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಗೆಳತಿಯರು ತಮಿಳು ವಾರಪತ್ರಿಕೆ ಓದಿಸಿ ಕಲಿಸಿದರು. ಆ ರೈಲಿನಲ್ಲಿ ಕಲಿತದ್ದೇ ಇಲ್ಲಿ ಕೆಲಸ ಕೊಡಿಸಿತು. ಇಲ್ಲಿನ ರೈಲಿನಲ್ಲಿ ಕಲಿಯಲು ಏನೂ ಇಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡಿರುತ್ತಾರೆ.

ಆ ದಿನಗಳಲ್ಲಿ ನಾನು ದಿನಚರಿಯಲ್ಲಿ ಹವಾಮಾನದ ಕೆಳಗೆ, ಆ ದಿನ ನನ್ನೊಡನೆ ಮಾತಾಡಿದವರ ಲೆಕ್ಕ ಬರೆಯುತ್ತಿದ್ದೆ. ‘ಮಂಗಳವಾರ, ಮೋಡ. ಇಬ್ಬರು, ಒಬ್ಬರು ಬಸ್ಸಿನ ಡ್ರೈವರು.’ ನಾನಿದ್ದದ್ದು ‘ವೇಗೇ’ ಎಂಬ ಹಂಚಿಕೊಂಡ ಮನೆಯಲ್ಲಿ. ಯಾವ ವಾರ ಯಾರು ಬಚ್ಚಲು ತೊಳೆಯಬೇಕೆಂಬ ಚೀಟಿ ಫ್ರಿಜ್ಜಿನ ಮೇಲಿತ್ತು, ಆದರೆ ಯಾರು ಯಾವಾಗ ಮಾತಾಡಬೇಕೆಂದು ಎಲ್ಲೂ ಬರೆದಿರಲಿಲ್ಲ. ಆಫ್ರಿಕಾದವರ ಅಂಗಡಿಯೊಂದರಲ್ಲಿ ರಾಗಿ ಹಿಟ್ಟು ಸಿಕ್ಕ ದಿನ ಮಾತ್ರ ಲೆಕ್ಕ ಏರಿತು. ಮುದ್ದೆ ಕಂಡು ಮನೆಯವರೆಲ್ಲ ಅಡುಗೆಮನೆಗೆ ಬಂದು, ಇದನ್ನು ಅಗಿಯದೆ ನುಂಗುವುದೇ ಎಂದು ಕೇಳಿದರು.

ಓದು ಮುಗಿಯುವವರೆಗೆ ಇಲ್ಲಿರಬೇಕಾದರೆ ಈ ಕೆಲಸ ಉಳಿಯಬೇಕಿತ್ತು. ಒಪ್ಪಂದ ಮಾರ್ಚ್ ಕೊನೆಗೆ ಮುಗಿಯುವುದಿತ್ತು, ಮುಂದುವರಿಸುವುದು ಆಂಕೆಯ ಕೈಯಲ್ಲಿತ್ತು. ಆಕೆ ಮತ್ತು ಯೋನಾಸ್ ಹೀಗೆ ಕಿತ್ತಾಡಿಕೊಂಡರೆ ಯೋಜನೆಯೇ ನಿಂತುಹೋದೀತೆಂದು ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಹಾಗಾಗಿ ನಮ್ಮೂರಲ್ಲಿ ಯಾರಾದರೂ ಮಾಡುವುದನ್ನೇ ಮಾಡಿದೆ. ಎರಡು ಮನೆಗಳ ನಡುವೆ ಮಾತು ನಿಂತರೆ ಮೂರನೆಯವರು ಹೋಗಿ ಅವರದನ್ನು ಇವರಿಗೆ, ಇವರದನ್ನು ಅವರಿಗೆ ಮುಟ್ಟಿಸುತ್ತಾರೆ. ಅಂದದ್ದನ್ನಲ್ಲ, ಅನ್ನಬೇಕಾಗಿದ್ದದ್ದನ್ನು. ಕಾಫಿ ಯಂತ್ರದ ಹತ್ತಿರ ಯೋನಾಸ್‌ಗೆ, “ನಿನ್ನ ಕೆಲಸವನ್ನು ಆಂಕೆ ತುಂಬಾ ಮೆಚ್ಚುತ್ತಾರೆ,” ಎಂದೆ. ಮೆಟ್ಟಿಲಲ್ಲಿ ಸಿಕ್ಕ ಆಂಕೆಗೆ, “ಸೋಮವಾರ ಹಾಗೆ ಅಂದದ್ದಕ್ಕೆ ಯೋನಾಸ್‌ಗೆ ಬೇಜಾರಾಗಿದೆ. ಪಟ್ಟಿ ತಪ್ಪು ಅಂತ ಅವನಿಗೀಗ ಅನಿಸುತ್ತಿಲ್ಲ,” ಎಂದೆ. ಆಕೆ ಹುಬ್ಬೇರಿಸಿ, “ಹೌದಾ? ಸರಿ,” ಎಂದರು. ಆ ವಾರ ಇಬ್ಬರೂ ಒಟ್ಟಿಗೆ ಊಟಕ್ಕೆ ಹೋಗುವುದನ್ನು ಕಂಡು ನನಗೆ ಎಷ್ಟು ಸಮಾಧಾನವಾಯಿತೆಂದರೆ ದಿನಚರಿಯಲ್ಲಿ ‘ರಾಜಿ’ ಎಂದು ಬರೆದು ಅಡಿಗೆರೆ ಎಳೆದೆ.

ಮುಂದಿನ ವಾರ ಇಬ್ಬರೂ ಒಟ್ಟಿಗೇ ನನ್ನ ಮೇಜಿನ ಹತ್ತಿರ ಬಂದರು. ಯೋನಾಸ್ ತನ್ನ ಆಕ್ಷೇಪ ಹಿಂತೆಗೆದುಕೊಂಡನೆಂದು ನಂಬಿ ಆಂಕೆ ಪಟ್ಟಿಯನ್ನು ಪಾಲುದಾರ ವಿಶ್ವವಿದ್ಯಾಲಯಕ್ಕೆ ಕಳಿಸಿಬಿಟ್ಟಿದ್ದರು.

“ಕಾವ್ಯ, ಅವನು ನಿನ್ನ ಹತ್ತಿರ ಹಾಗೆ ಹೇಳಿದನಾ?”

“ಇಲ್ಲ.”

“ಮತ್ತೆ?”

“ಹೇಳುತ್ತಿದ್ದ ಅಂದುಕೊಂಡೆ. ನೀವಿಬ್ಬರೂ ಮತ್ತೆ ಸರಿಹೋಗಲಿ ಅಂತ.”

ಯೋನಾಸ್ ನಕ್ಕುಬಿಟ್ಟ. “ನಾವು ಯಾವಾಗ ಕೆಟ್ಟಿದ್ದೆವು? ಅವತ್ತು ಮಧ್ಯಾಹ್ನವೇ ಇವಳ ತಟ್ಟೆಯಿಂದ ಆಲೂಗಡ್ಡೆ ಕದ್ದು ತಿಂದೆ.”

ಆಂಕೆ ನಗಲಿಲ್ಲ. “ಆ ಸಭೆಯಲ್ಲಿ ಉಪಯೋಗಕ್ಕೆ ಬರುವ ಮಾತು ಇವನ ಆಕ್ಷೇಪವೊಂದೇ ಇತ್ತು. ಅದನ್ನು ನೀನು ಅಳಿಸಿಹಾಕಿದೆ.” ಆಮೇಲೆ ಕುರ್ಚಿ ಎಳೆದು ಎದುರು ಕೂತರು. “ನಿನಗೆ ಏನನಿಸುತ್ತದೆ? ಪಟ್ಟಿ ಸರಿಯಿದೆಯಾ?”

ನನ್ನ ಕೆಲಸವನ್ನು ಉಳಿಸಬೇಕಾದವರ ಮುಖಕ್ಕೇ ಹೇಳಬೇಕಿತ್ತು. “ಯೋನಾಸ್ ಹೇಳಿದ್ದು ಸರಿ ಮೇಡಂ. ರಾಜಿಯಾಯಿತು ಅಂತ ಪತ್ರಿಕೆಯಲ್ಲಿ ಬಂದ ದಿನಕ್ಕೇ ಜಗಳ ಮುಗಿಯಿತು ಅಂತ ಹಾಕಿದ್ದೀರಿ. ಹಾಗೆ ಮುಗಿಯುವುದಿಲ್ಲ.”

“ಮೇಡಂ ಬೇಡ,” ಎಂದರು ಆಕೆ. “ಉಳಿದ ಮಾತು ಹಾಗೇ ಇರಲಿ. ಇದನ್ನೇ ಬರೆದು, ತಪ್ಪು ಪಟ್ಟಿ ಹೊರಗೆ ಹೋದದ್ದು ಹೇಗೆಂದು ತಿಳಿಸಿ, ನಿನ್ನ ಹೆಸರಿನಲ್ಲೇ ಆ ವಿಶ್ವವಿದ್ಯಾಲಯದವರಿಗೆ ಕಳಿಸು.”

ಕಳಿಸಿದೆ. ಆಮೇಲಿನ ದಿನಗಳಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದೆ. ಬಟ್ಟೆ ಮಡಿಸಿ ಪೆಟ್ಟಿಗೆಗೆ ಹಾಕಿದೆ, ಮತ್ತೆ ತೆಗೆದೆ. ಮಾರ್ಚ್ ಮುಗಿಯುವ ಮುನ್ನ ಆಂಕೆ ಕರೆದು, ಒಪ್ಪಂದವನ್ನು ಮೂರು ತಿಂಗಳಿಗೆ ಮಾತ್ರ ಮುಂದುವರಿಸುತ್ತೇನೆಂದರು. “ವರ್ಷಕ್ಕೆ ಕೊಡುವಷ್ಟು ನಂಬಿಕೆ ನಿನ್ನ ಮೇಲೆ ಇನ್ನೂ ಬಂದಿಲ್ಲ.” ಊರಲ್ಲಿ ಇಂಥ ಮಾತು ಕೇಳಿದ್ದರೆ ಮತ್ತೆ ಆ ಹೊಸ್ತಿಲು ತುಳಿಯುತ್ತಿರಲಿಲ್ಲ. ಇಲ್ಲಿ “ಥ್ಯಾಂಕ್ಸ್” ಎಂದು ಬಂದು ಕೆಲಸಕ್ಕೆ ಕೂತೆ. ವಿಚಿತ್ರವೆಂದರೆ ಮನಸ್ಸು ಹಗುರಾಗಿತ್ತು. ಇಲ್ಲಿ ಯಾರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುತ್ತಾ ಒದ್ದಾಡಬೇಕಿಲ್ಲ.

ಭಾನುವಾರ ಅಮ್ಮನಿಗೆ ಫೋನ್ ಮಾಡಿ ಕೆಲಸ ಉಳಿಯಿತೆಂದೆ.

“ಆಯ್ತು ಬಿಡು, ಅದು ಒಳ್ಳೇದಾಯ್ತು. ಇಲ್ಲಿ ನಿಮ್ ಚಿಕ್ಕಮ್ಮ ಮಾತು ಬಿಟ್ಟವ್ಳೆ ಕಣೇ. ನಾನೇನೋ ಡೈರಿ ತಾವ ಅವ್ಳ ಆಲು ನೀರಂಗದೆ ಅಂದ್ನಂತೆ.”

“ಅಂದ್ಯಾ?”

“ಅಂದೆ. ನೀರಂಗೇ ಇತ್ತು. ನೀನೊಂದು ಪೋನ್ ಮಾಡಿ ಏಳು, ಅಕ್ಕ ದಿನಾ ನಿನ್ನೇ ನೆನೆಸ್ಕೊಂತಾಳೆ ಅಂತ.”

“ನೀನು ಅಂಗಂದಿಲ್ವಲ್ಲಮ್ಮ.”

“ಅನ್ನಂಗಿದ್ರೆ ನಿನ್ ಯಾಕೆ ಕೇಳ್ತಿದ್ದೆ?”

ನಾನು ಮೂರನೆಯವಳಾಗಬಾರದೆಂದು ನಿರ್ಧರಿಸಿಯೇ ಚಿಕ್ಕಮ್ಮನಿಗೆ ಫೋನ್ ಮಾಡಿದೆ. “ಚಿಕ್ಕಮ್ಮ, ಅಮ್ಮನೂ ನೀನೂ ನೇರವಾಗಿ ಕೂತು ಮಾತಾಡ್ಕೊಳ್ಳಿ. ಆಲಿನ ಇಚಾರ ಅವಳು ಅಂದಿದ್ದು ನಿಜ.”

ಆ ಕಡೆ ದೂರದಲ್ಲಿ ಹಸುವೊಂದು ಕೂಗಿತು.

“ಇದ್ನ ಏಳಕ್ಕೆ ಅಷ್ಟ್ ದೂರದಿಂದ ಪೋನ್ ಮಾಡ್ದ್ಯಾ?” ಎಂದಳು ಚಿಕ್ಕಮ್ಮ. ದನಿ ಸಣ್ಣಗಾಗಿತ್ತು. “ಇನ್ನೇನೂ ಅನ್ಲಿಲ್ವಾ ನಿಮ್ಮಮ್ಮ?”

ಆಕೆ ಕಾಯುತ್ತಿದ್ದಳು. ಆ ಕಾಯುವಿಕೆಯ ಎದುರು ಆಂಕೆ ಕಲಿಸಿದ್ದೊಂದೂ ನಿಲ್ಲಲಿಲ್ಲ.

“ದಿನಾ ನಿನ್ನೇ ನೆನೆಸ್ಕೊಂತಾಳಂತೆ,” ಎಂದೆ.

“ಥೂ, ಸುಳ್ಳಿ!” ಚಿಕ್ಕಮ್ಮ ನಕ್ಕಳು, ಮೂಗು ಒರೆಸಿಕೊಂಡದ್ದೂ ಕೇಳಿಸಿತು. “ಅವ್ಳ ಬಾಯಾಗೆ ಆ ಮಾತು ಬತ್ತದಾ? ಸರಿ, ನಾನೂ ಕೇಳ್ದೆ ಅಂತ ಏಳು. ಏನಾರ ಒಂದು ಸೇರ್ಸಿ ಏಳು, ನಿಂಗೆ ಗೊತ್ತಲ್ಲ.”

ಮರುದಿನ ಬೆಳಿಗ್ಗೆ ಸಭೆಯಿತ್ತು. ಆಂಕೆಯ ಹೊಸ ಪಟ್ಟಿಯಲ್ಲಿ ಎರಡು ತಪ್ಪು ಕಂಡಿದ್ದೆ. ಎಲ್ಲರೆದುರು ಹೇಳಲು ಗುರುತು ಹಾಕಿಟ್ಟುಕೊಂಡೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿ, ಚಿಕ್ಕಮ್ಮ ಅನ್ನದೇ ಇದ್ದ ಒಂದು ಒಳ್ಳೆಯ ಮಾತನ್ನು ತಲುಪಿಸಿದೆ.