ಮುನಿಯಪ್ಪನವರ ಗಾಡಿಗೆ ಹೊಸ ಎಣ್ಣೆ

ಗೆಳೆಯರೇ, ಇವತ್ತು ಭಾನುವಾರ ತಾನೇ ಅಂತ ನಮ್ಮ ಜಾಲಹಳ್ಳಿ ಕ್ವಾರ್ಟರ್ಸಿನ ಅಂಗಳದಲ್ಲಿ ಬೈಕಿನ ಆಯಿಲ್ ಬದಲಿಸಲು ಕೂತೆ. ಎಂಜಿನ್ ಅಡಿಯ ಬೋಲ್ಟು ಬಿಚ್ಚಿದೆ. ಕರಿ ಎಣ್ಣೆ ನೂಲಿನಂತೆ ತಟ್ಟೆಗೆ ಇಳಿಯಿತು. ಅದರೊಳಗೆ ಬೇವಿನ ಮರ, ಒಂದು ಮೋಡ, ತಂತಿಯ ಮೇಲೆ ಒಣಗುತ್ತಿದ್ದ ಹೆಂಡತಿಯ ಸೀರೆ, ಎಲ್ಲ ಮೆಲ್ಲಗೆ ತೂಗುತ್ತಿದ್ದವು. ಒಳಗೆ ರೇಡಿಯೋದಲ್ಲಿ ಸಿತಾರ್. ನೋಡುತ್ತಾ ಎಷ್ಟು ಹೊತ್ತು ಕೂತೆನೋ.

ಪಕ್ಕದ ಹಳ್ಳಿಯ ಮುನಿಯಪ್ಪನವರು ಖಾಲಿ ಡಬ್ಬ ಹಿಡಿದು ಎದುರಿಗೇ ಕೂತಿದ್ದರು. ನನ್ನ ಬೈಕಿನ ಹಳೇ ಎಣ್ಣೆ ಯಾವಾಗಲೂ ಅವರ ಎತ್ತಿನಗಾಡಿಯ ಅಚ್ಚಿಗೆ.

ಅದೇ ಗುಂಗಿನಲ್ಲಿ ಹೊಸ ಎಣ್ಣೆಯ ಡಬ್ಬಿ ತೆರೆದು ಪೂರ್ತಿ ಎಂಜಿನ್ನಿಗೆ ಸುರಿದೆ. ತಟ್ಟೆಯ ಕಪ್ಪಿನ ಮೇಲೆ ಜೇನುಬಣ್ಣದ ನೂಲು ಇಳಿಯತೊಡಗಿತು. ಆಹಾ, ಎಷ್ಟು ಚೆಂದ ಅಂದುಕೊಂಡೆ. ಆಮೇಲೆ ನೋಡಿದರೆ, ಬೋಲ್ಟು ನನ್ನ ಎಡಗೈ ಮುಷ್ಟಿಯಲ್ಲೇ ಬೆಚ್ಚಗಿದೆ!

"ಅಯ್ಯೋ ಮುನಿಯಪ್ಪನೋರೇ, ನೋಡ್ತಾನೇ ಕೂತಿದ್ದೀರಲ್ಲ, ಒಂದು ಮಾತು ಹೇಳ್ಬಾರ್ದಾ?"

"ಸಂಕ್ರಾಂತಿ ಬಂತಲ್ಲಾ, ಈ ಸಲ ಸಾಮಿಯೋರು ನಮ್ ಗಾಡಿಗೆ ಒಸಾದೇ ಕೊಡ್ತಾವ್ರೆ ಅಂದ್ಕಂಡೆ."

ಇವತ್ತು ಆಯಿಲ್ ಅಂಗಡಿಗೆ ರಜೆ. ನಾಳೆ ಫ್ಯಾಕ್ಟರಿಗೆ ನಡೆದೇ ಹೋಗಬೇಕು. ಹಿಂದಿನಿಂದ ಮುನಿಯಪ್ಪನವರ ಗಾಡಿ ಬಂದರೂ ನನಗೆ ಗೊತ್ತಾಗುವುದಿಲ್ಲ. ಇನ್ನು ಅದು ಕಿರ್ರ್ ಅನ್ನುವುದಿಲ್ಲವಲ್ಲ.