ಪೆಂಡಿಂಗ್ ಇದ್ದ ಕೂಸು

ಪದಗಳ ವಿಷಯದಲ್ಲಿ ನಾನು ಸ್ವಲ್ಪ ಕಿರಿಕಿರಿ ಮನುಷ್ಯ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತೇನೆ. ಜಾವಾಸ್ಕ್ರಿಪ್ಟಿನಲ್ಲಿ ಪ್ರಾಮಿಸ್ ಎಂಬುದೊಂದಿದೆ: ಈಗಲ್ಲದಿದ್ದರೂ ಮುಂದೆ ಉತ್ತರ ಬರುತ್ತದೆ ಎಂದು ಪ್ರೋಗ್ರಾಮು ಕೊಡುವ ಮಾತು. ಬರುವ ತನಕ ಅದು ಪೆಂಡಿಂಗ್, ಬಂದರೆ ಫುಲ್‌ಫಿಲ್ಡ್, ಕೆಟ್ಟರೆ ರಿಜೆಕ್ಟೆಡ್. ನಮ್ಮ ಹುಡುಗರು ಮಾತ್ರ ಎಲ್ಲದಕ್ಕೂ ‘ರಿಸಾಲ್ವ್ ಆತ್ರಿ ಸರ್’ ಎಂದು ಕೈತೊಳೆದುಕೊಳ್ಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಪ್ರಾಮಿಸು ಇನ್ನೊಂದಕ್ಕೆ ಗಂಟು ಬಿದ್ದರೂ ಅದು ರಿಸಾಲ್ವ್ ಆದಂತೆಯೇ. ಆದರೆ ಆ ಇನ್ನೊಂದು ಮುಗಿಯುವ ತನಕ ಇದೂ ಪೆಂಡಿಂಗೇ ಅಲ್ಲವೇ?

ಈ ಚಾಳಿ ಮನೆಗೂ ಬಂತು. ನಮಗೆ ಮಕ್ಕಳಿಲ್ಲ. ಬಬಲೇಶ್ವರದಲ್ಲಿರುವ ನನ್ನ ಹೆಂಡತಿಯ ತಂಗಿ ಮೂರನೆಯ ಸಲ ಬಸುರಾದಾಗ, ‘ಈ ಕೂಸು ನಿಂದೇ ಅಕ್ಕಾ, ಆತ್ ತಗೋ’ ಎಂದಳು. ಇನ್ನೂ ಆಗದ ಕೆಲಸಕ್ಕೂ ‘ಆತ್ ತಗೋ’ ಎನ್ನುವುದು ನಮ್ಮ ಕಡೆಯ ರೂಢಿ. ಹೆಂಡತಿ ಅಂದೇ ಕುಂಚಿಗೆ ಹೊಲಿಯಲು ಕೂತಳು, ಕೂಸಿನ ತಲೆಗೂ ಬೆನ್ನಿಗೂ ಆಗುವಂಥದು, ಬಣ್ಣದ ಅಂಚಿನದು.

‘ಇನ್ನಾ ಪೆಂಡಿಂಗ್ ಐತಿ’ ಎಂದೆ.

‘ನಿಮ್ಮ ಪಾಠ ಕ್ಲಾಸಿನ್ಯಾಗ ಇಟ್ಟು ಬರ್ರಿ’ ಎಂದು ಸೂಜಿ ತೋರಿಸಿದಳು. ಬಾಯಲ್ಲಿ ಪೆಂಡಿಂಗ್ ಎಂದರೂ ನಾನು ತೊಟ್ಟಿಲ ಅಂಗಡಿಯ ಮುಂದೆ ನಿಂತು ರೇಟು ಕೇಳಿ ಬಂದಿದ್ದೆ.

ಹೆಣ್ಣು ಕೂಸು ಹುಟ್ಟಿತು. ತರಲು ಹೋದೆವು. ತಂಗಿ ಮಾತಿಗೆ ತಪ್ಪಲಿಲ್ಲ. ತಾನೇ ಕುಂಚಿಗೆ ಕಟ್ಟಿ, ಕೂಸನ್ನು ಅಕ್ಕನ ಉಡಿಯಲ್ಲಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದಳು. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ಬಾಣಂತಿ ಎದ್ದು ಕೂತಳು; ಕುಪ್ಪಸ ಹಾಲಿನಿಂದ ತೊಯ್ದಿತ್ತು. ನನ್ನ ಹೆಂಡತಿ ಅದನ್ನು ನೋಡಿದಳು, ಕೂಸಿನ ಮುಖವನ್ನೂ ನೋಡಿದಳು.

‘ತಗೋವಾ, ಹಸದೈತಿ. ಇನ್ನ ನಿನ್ನ ಕಡೀನ ಇರ್ಲಿ.’

‘ಅಕ್ಕಾ, ನಾ ಮಾತು ಕೊಟ್ಟೇನಿ.’

‘ಕೊಟ್ಟಿ. ನನಗ ಮುಟ್ಟೇತಿ.’

ಮರಳುವ ಬಸ್ಸಿನಲ್ಲಿ ನನಗೆ ದುಃಖ ತಡೆಯಲಾಗಲಿಲ್ಲ. ಆದರೂ ಈ ಹಾಳು ತಲೆ ಪದ ಹುಡುಕುತ್ತಲೇ ಇತ್ತು. ರಿಜೆಕ್ಟೆಡ್ ಅನ್ನಲಾರೆ; ಕೊಡುವವಳು ಕೊಟ್ಟಿದ್ದಳು. ಫುಲ್‌ಫಿಲ್ಡ್ ಅನ್ನೋಣವೆಂದರೆ ಕೂಸೆಲ್ಲಿದೆ? ಇಷ್ಟು ವರ್ಷ ಹಲಗೆಯ ಮೇಲೆ ಬರೆದದ್ದರಲ್ಲಿ ಇದಕ್ಕೊಂದು ಹೆಸರಿರಲಿಲ್ಲ.

‘ಏನ್ ವಿಚಾರ ಮಾಡಾಕತ್ತೀರಿ?’ ಎಂದಳು.

‘ಇದಕ್ಕ ಏನ್ ಅನ್ನಬೇಕು ಅಂತ.’

ಅವಳು ಸೆರಗಿನಿಂದ ಮೊದಲು ನನ್ನ ಕಣ್ಣು ಒರೆಸಿದಳು.

‘ನೀವು ಏನರೆ ಅನ್ರಿ. ಆ ಕೂಸು ನಾಳೆ ನನಗ ದೊಡ್ಡವ್ವ ಅಂತೈತಿ’ ಎಂದಳು. ಅಷ್ಟು ಹೇಳಿದ ಮೇಲೆಯೇ ಅವಳಿಗೆ ಅಳು ಬಂತು.