ಒಂದರ ಪಕ್ಕದಲ್ಲಿ ಹೊಲಿದ ಒಂದು

ನಮ್ಮೂರ ಫುಟ್‌ಬಾಲ್ ಸಂಘದ ಆಡಳಿತ ಮಂಡಳಿ ಸುಳ್ಳನ್ನು ಅಚ್ಚು ಹಾಕಿಸಿದೆ. ಇಪ್ಪತ್ತೈದು ವರ್ಷ ತುಂಬಿದ ಸಂಭ್ರಮಕ್ಕೆಂದು ಹೊರತಂದಿರುವ ನೆನಪಿನ ಸಂಚಿಕೆಯಲ್ಲಿ ‘ಅಭಿಮಾನಿಗಳೇ ಒಮ್ಮತದಿಂದ ಆರಿಸಿದ ಶ್ರೇಷ್ಠ ಹನ್ನೊಂದು ಮಂದಿ’ ಎಂಬ ತಲೆಬರಹದ ಕೆಳಗೆ ಹಳೆಯ ಕೈಬರಹದ ಪಟ್ಟಿಯೊಂದರ ಚಿತ್ರವಿದೆ. ಮೊದಲ ಹೆಸರು ಶೇಖರನದು; ಕೊನೆಯದು ಬೀರಪ್ಪನದು. ಅದರ ಕೆಳಗೆ ಗೋಲು ಕಾದವನ ಮೇಲೆ ಒಂದು ವಾಕ್ಯ: ‘ಆ ವರ್ಷ ಗೋಲಿಯ ಅಜಾಗರೂಕತೆಯಿಂದ ನಮ್ಮವರು ಸೊರಬದೆದುರು ಸೋತರು.’ ಆ ಪಟ್ಟಿ ಒಮ್ಮತದ್ದಲ್ಲ, ಅಭಿಮಾನಿಗಳದ್ದೂ ಅಲ್ಲ. ಇಷ್ಟು ಖಚಿತವಾಗಿ ಹೇಳಲು ನನಗೆ ಕಾರಣವಿದೆ. ಆ ಕೈಬರಹ ನನ್ನದು. ಬರೆದದ್ದು ಹದಿನೈದು ವರ್ಷದ ಹಿಂದೆ; ಆಗ ನನಗೆ ಹತ್ತು ವರ್ಷ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷಗಳಲ್ಲಿ ಶಿಕಾರಿಪುರದ ಮಕ್ಕಳಾದ ನಮಗೆ ಕಾಲ ತಿಳಿಯುತ್ತಿದ್ದುದು ಮೂಗಿನಿಂದ. ಭತ್ತದ ಕೊಯ್ಲು ಮುಗಿದು ಹೊಸ ಹುಲ್ಲಿನ ವಾಸನೆ ಊರಿಗೆ ಬರುತ್ತಿತ್ತು. ಅದರ ಹಿಂದೆಯೇ, ಗೊಬ್ಬರಕ್ಕೆಂದು ಗದ್ದೆಗಳಲ್ಲಿ ನಿಲ್ಲಿಸಿದ ಕುರಿಮಂದೆಗಳ ವಾಸನೆ. ಆಮೇಲೆ ಕುರಿಕೊಬ್ಬು ತಿಕ್ಕಿದ ಚರ್ಮದ ಚೆಂಡಿನ ವಾಸನೆ ಅಪ್ಪನ ಅಂಗಡಿಯೊಳಗೆ ಬಂತೆಂದರೆ ಫುಟ್‌ಬಾಲಿನ ಕಾಲ ಆರಂಭವಾಯಿತೆಂದೇ ಅರ್ಥ. ಆ ಕೊಬ್ಬನ್ನು ತರುತ್ತಿದ್ದವನು ಬೀರಪ್ಪ. ಮಂದೆಯ ಜೊತೆ ಬರುತ್ತಿದ್ದ, ಮಂದೆಯ ಜೊತೆ ಹೋಗುತ್ತಿದ್ದ. ನಡುವಿನ ಎರಡು ತಿಂಗಳು ಸಂಘಕ್ಕೆ ಆಡುತ್ತಿದ್ದ. ಕಂಬಳಿಯನ್ನು ಮೈದಾನದ ಅಂಚಿನಲ್ಲಿ ಬಿಸಾಡಿ ಬರಿಗಾಲಲ್ಲಿ ಓಡಿದನೆಂದರೆ ಚೆಂಡು ಅವನ ಪಾದ ಬಿಟ್ಟು ಹೋಗಲು ಮನಸ್ಸಿಲ್ಲದಂತೆ ಅಂಟಿಕೊಂಡಿರುತ್ತಿತ್ತು.

ನಮ್ಮಪ್ಪ ರುದ್ರಪ್ಪ ದರ್ಜಿ. ಸಂಘದ ಹಳದಿ ಅಂಗಿಗಳನ್ನು ಹೊಲಿಯುತ್ತಿದ್ದವರು ಅವರೇ. ಅಂಗಿಯ ಬೆನ್ನಿನ ಅಂಕಿ ಆಟಗಾರ ನಿಲ್ಲುವ ಜಾಗವನ್ನು ಸೂಚಿಸುತ್ತದೆಂದು ನಮ್ಮೂರಿಗೆ ಯಾರೂ ಹೇಳಿರಲಿಲ್ಲ. ಶಿವಮೊಗ್ಗದಲ್ಲಿ ಒಮ್ಮೆ ಅಂಕಿಯ ಅಂಗಿಗಳನ್ನು ಕಂಡು ಬಂದ ಯಾರೋ, ಶಾಲೆಯ ಪರೀಕ್ಷೆಯಲ್ಲಿ ಇರುವಂತೆ ಅದೂ ದರ್ಜೆಯೇ ಎಂದು ತಿಳಿದುಕೊಂಡರು. ಊರೂ, ನಮ್ಮೊಡನೆ ಆಡುತ್ತಿದ್ದ ಸೊರಬದವರೂ ಹಾಗೆಯೇ ತಿಳಿದುಕೊಂಡರು. ಎಲ್ಲರಿಗಿಂತ ಶ್ರೇಷ್ಠನಾದವನ ಬೆನ್ನಿಗೆ ಒಂದು. ಎಲ್ಲರಿಗಿಂತ ಕೆಳಗಿನವನಿಗೆ ಹನ್ನೊಂದು. ಓಡಿ ಪ್ರಯೋಜನವಿಲ್ಲದವನು ನಿಂತಾದರೂ ಇರಲಿ ಎಂದು ಅವನಿಗೆ ಗೋಲು ಕಾಯುವ ಕೆಲಸ. ತಪ್ಪು ತಿಳಿವಳಿಕೆಯೇ ಸರಿ. ಆದರೆ ಆ ತಪ್ಪನ್ನು ನಮ್ಮವರು ಎಷ್ಟು ನ್ಯಾಯವಾಗಿ ನಡೆಸುತ್ತಿದ್ದರೆಂದರೆ, ನಂತರ ನಾನು ಕಂಡ ಎಷ್ಟೋ ಸರಿಯಾದ ಪದ್ಧತಿಗಳಲ್ಲಿ ಆ ನ್ಯಾಯ ಇರಲಿಲ್ಲ.

ಹೊಸ ಅಂಗಿಗೆ ಬಟ್ಟೆ ಬಂದ ವಾರ ಅಭಿಮಾನಿಗಳು ಸಂಜೆ ಸಂಜೆ ನಮ್ಮ ಅಂಗಡಿಯ ಜಗಲಿಯಲ್ಲಿ ಕೂಡುತ್ತಿದ್ದರು. ಮಧ್ಯದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಇಸ್ತ್ರಿಪೆಟ್ಟಿಗೆಯ ಕೆಂಡದ ಬಿಸಿ. ಚೆಂಡನ್ನು ಮಡಿಲಲ್ಲಿ ಇಟ್ಟುಕೊಂಡವನು ಮಾತ್ರ ಮಾತಾಡಬೇಕು; ಅವನೂ ತಾನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕು. ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ನಡೆಯುವಂತಿರಲಿಲ್ಲ. ನಿರ್ಧಾರವಾದ ಹೆಸರುಗಳನ್ನು ಅಂಗಡಿಯ ಬಾಗಿಲಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಕೆಲಸ ನನ್ನದು. ಕುಂಟಾಬಿಲ್ಲೆ ಆಡುತ್ತಿದ್ದವಳನ್ನು ಚಾದಂಗಡಿಯ ಚನ್ನಬಸಣ್ಣ ಕೂಗಿ ಕರೆಯುತ್ತಿದ್ದ.

“ಬಾರವ್ವ ಗಿರಿಜವ್ವಾ, ಅಕ್ಷರ ದುಂಡಗಿರ್ಲಿ. ಪರೂರಿನೋರೂ ನಿಂತು ಓದ್ತಾರೆ.”

ಆ ವರ್ಷ ಮೊದಲ ಹೆಸರಿಗೆ ಜಗಳವೇ ಆಗಲಿಲ್ಲ. ಚೆಂಡು ಹಿಡಿದವರೆಲ್ಲ ಬೀರಪ್ಪನನ್ನೇ ಹೇಳಿದರು. ಜಗಳ ನಡೆದದ್ದು ಕೊನೆಯ ಹೆಸರಿಗೆ. ಸಂಘದ ಅಧ್ಯಕ್ಷರಾಗಿದ್ದ ಸಾಹುಕಾರರ ತಂಗಿಯ ಮಗ ಶೇಖರ ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದ. ಊರಿಗೆಲ್ಲ ಬೂಟು ಹಾಕಿ ಆಡುತ್ತಿದ್ದವನು ಅವನೊಬ್ಬನೇ. ಚೆಂಡು ಜಟಕಾ ಹೊಡೆಯುವ ಇಮಾಮಣ್ಣನ ಮಡಿಲಿಗೆ ಬಂತು.

“ಬೂಟು ಚಲೋ ಆಡ್ತಾವೆ, ಅದನ್ನ ಇಲ್ಲ ಅನ್ನಲ್ಲ,” ಎಂದ ಇಮಾಮಣ್ಣ ಗಂಭೀರವಾಗಿ. “ಒಳಗಿರೋ ಹುಡುಗ್ನೇ ಅವಕ್ಕೆ ಅಡ್ಡ ಬರ್ತಾನೆ.”

ಜಗಲಿ ಬಿದ್ದು ಬಿದ್ದು ನಕ್ಕಿತು. ಶೇಖರನ ಹೆಸರನ್ನು ಹನ್ನೊಂದನೆಯದಾಗಿ ಬರೆದೆ. ಆಟಗಾರರು ಪಟ್ಟಿ ಮುಗಿಯುವ ತನಕ ಜಗಲಿ ಹತ್ತುವಂತಿರಲಿಲ್ಲ. ರಸ್ತೆಯಾಚೆ ಕಂಬಳಿ ಹೊದ್ದು, ಯಾವುದನ್ನೂ ಕೇಳದವನಂತೆ ಕೂತಿದ್ದ ಬೀರಪ್ಪ ಎದ್ದು ಬಂದು ನನ್ನನ್ನು ಮೆಲ್ಲಗೆ ಕೇಳಿದ: “ನನ್ನ ಹೆಸ್ರು ಯಾವುದು, ತೋರ್ಸವ್ವ.” ತೋರಿಸಿದೆ. ಅವನಿಗೆ ಓದು ಬರುತ್ತಿರಲಿಲ್ಲ. ಅಕ್ಷರಗಳನ್ನು ಮುಟ್ಟದೆ, ಅವುಗಳ ಮೇಲೆ ಗಾಳಿಯಲ್ಲಿ ಬೆರಳಾಡಿಸಿದ. “ಇಷ್ಟುದ್ದ ಐತೇನು!” ಎಂದು ನಕ್ಕ. ಅಂದೇ ಅಪ್ಪ ಬಿಳಿ ಬಟ್ಟೆಯಲ್ಲಿ ಕನ್ನಡದ ಅಂಕಿಗಳನ್ನು ಕತ್ತರಿಸಿ ಹೊಲಿದರು: ಬೀರಪ್ಪನ ಅಂಗಿಯ ನಟ್ಟನಡುವೆ ಒಂದು ೧, ಶೇಖರನದಕ್ಕೆ ಅಕ್ಕಪಕ್ಕ ಎರಡು.

ಮರುದಿನ ಬೆಳಿಗ್ಗೆ ಸಾಹುಕಾರರು ಬಂದರು. ನಮ್ಮ ಅಂಗಡಿ ಇದ್ದ ಜಾಗ ಅವರದು. ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

“ಏನು ರುದ್ರಪ್ಪ, ಪಟ್ಟಿ ತಲೆಕೆಳಗಾಗೈತಲ್ಲ?”

“ಇಲ್ರೀ ಸಾಹುಕಾರ್ರೆ. ಎಲ್ಲಾರೂ ಕುಂತು ಹೇಳಿದ್ದು.”

“ಎಲ್ಲಾರೂ ಅಂದ್ರೆ? ಜಟಕಾ ಹೊಡಿಯೋನು, ಚಾ ಕಾಸೋನು. ಬಟ್ಟೆ ಕೊಟ್ಟೋರು ಯಾರು, ಚೆಂಡು ತರ್ಸಿದೋರು ಯಾರು? ಕಾಲೇಜು ಓದೋ ಹುಡುಗ ಗೋಲಿನಾಗೆ ನಿಂತು ಸೊರಬದೋರ ಕೈಲಿ ನಗಿಸ್ಕೊಬೇಕೇನು? ಬೀರ ಇವತ್ತು ಇರ್ತಾನೆ, ನಾಳೆ ಕುರಿ ಹೊಡ್ಕೊಂಡು ಹೋಗ್ತಾನೆ. ಅವನಿಗ್ಯಾಕೆ ಒಂದು?”

ಅಪ್ಪ ಸೂಜಿಗೆ ದಾರ ಪೋಣಿಸತೊಡಗಿದರು. ಸಾಹುಕಾರರು ನನ್ನ ತಲೆ ಸವರಿ, “ಮಗೀನ ಅಕ್ಷರ ಚೆಂದೈತಿ. ಇನ್ನೊಮ್ಮೆ ಬರಸು, ಕಾಗದದ ಮ್ಯಾಲೆ,” ಎಂದು ಹೇಳಿ ಹೋದರು. ದನಿ ಏರಿರಲಿಲ್ಲ. ಇಂಥ ಮಾತಿಗೆ ದನಿ ಏರಬೇಕಿಲ್ಲವೆಂಬುದು ನನಗೆ ತಿಳಿದದ್ದು ಬಹಳ ಕಾಲದ ನಂತರ.

ಅಪ್ಪ ಒದ್ದೆ ಬಟ್ಟೆ ಕೊಟ್ಟರು. ಹಲಗೆಯನ್ನು ಒರೆಸಿದವಳು ನಾನು. ಕಾಗದದ ಮೇಲೆ ಶೇಖರನನ್ನು ಮೊದಲು, ಬೀರಪ್ಪನನ್ನು ಕೊನೆಗೆ ಬರೆದವಳೂ ನಾನು. ಅಕ್ಷರ ಮಾತ್ರ ಎಂದಿನಂತೆ ದುಂಡಗೆ ಬಂತು. ಆಮೇಲೆ ಅಪ್ಪ ಶೇಖರನ ಬೆನ್ನಿನ ಎರಡು ಒಂದುಗಳಲ್ಲಿ ಬಲಗಡೆಯದನ್ನು ಬಿಚ್ಚಿದರು. ಅದನ್ನೇ ಬೀರಪ್ಪನ ಒಂದರ ಪಕ್ಕಕ್ಕೆ, ಬಲಭುಜದತ್ತ ಒತ್ತರಿಸಿ ಹೊಲಿದರು. ಅಷ್ಟೇ ಕೆಲಸ, ಚನ್ನಬಸಣ್ಣನ ಒಂದು ಚಾ ಕುದಿಯುವಷ್ಟು ಹೊತ್ತು. ಶೇಖರನ ಅಂಗಿಯಲ್ಲಿ ಉಳಿದ ಒಂದು ಎಡಕ್ಕೆ ಸರಿದು ನಿಂತಿತ್ತು.

“ಅಪ್ಪಾ, ಇದನ್ನ ನಡುವಿಗೆ ಹೊಲಿಯಲ್ವಾ?”

ಅಪ್ಪ ಹಲ್ಲಿನಿಂದ ದಾರ ಕಡಿದರು. “ಇರ್ಲಿ ಬಿಡವ್ವ. ಕಣ್ಣಿದ್ದೋರು ನೋಡ್ಲಿ.”

ಸಂಜೆ ಅಭಿಮಾನಿಗಳು ಬಂದು ಗೋಡೆಯ ಮೇಲಿನ ಕಾಗದ ಓದಿದರು. ಚನ್ನಬಸಣ್ಣ ಎರಡು ಸಲ ಓದಿದ. ಚೆಂಡು ಜಗಲಿಯ ನಡುವೆ ಇತ್ತು. ಅದನ್ನು ಯಾರಾದರೂ ಮಡಿಲಿಗೆ ಎತ್ತಿಕೊಂಡಿದ್ದರೆ ಮಾತು ಹೊರಡುತ್ತಿತ್ತು. ಇಮಾಮಣ್ಣನಿಗೆ ಕುದುರೆಗೆ ಮೇವು ಹಾಕುವುದು ನೆನಪಾಯಿತು. ಚನ್ನಬಸಣ್ಣನಿಗೆ ಒಲೆಯ ಮೇಲೆ ಹಾಲು ಇಟ್ಟದ್ದು ನೆನಪಾಯಿತು. ಮಂಡಕ್ಕಿ ಮೆತ್ತಗಾಯಿತು.

ಪಂದ್ಯ ಆ ವರ್ಷ ಸೊರಬದಲ್ಲಿ. ಬಸ್ಸಿನಲ್ಲಿ ಅಪ್ಪನ ಜೊತೆ ನಾನೂ ಹೋಗಿದ್ದೆ. ಹಳದಿ ಅಂಗಿ ತೊಟ್ಟು ಬೀರಪ್ಪ ಗೋಲಿಗೆ ಹೋಗಿ ನಿಂತ. ಕೈಯಲ್ಲಿ ಚೆಂಡು ಹಿಡಿಯುವುದು ಅವನಿಗೆ ಗೊತ್ತಿರಲಿಲ್ಲ. ತಪ್ಪಿಸಿಕೊಂಡು ಓಡುವ ಮರಿಯನ್ನು ಹಿಡಿಯುವಂತೆ ಎರಡೂ ತೋಳು ಚಾಚಿ, ಎದೆಗೆ ಅವುಚಿ ಹಿಡಿಯುತ್ತಿದ್ದ. ಹಾಗೆಯೇ ಎಲ್ಲವನ್ನೂ ಹಿಡಿದ. ನಮ್ಮ ಪಕ್ಕದಲ್ಲಿ ಕೂತಿದ್ದ ಸೊರಬದವನೊಬ್ಬನಿಗೆ ಬೆರಗು.

“ಎಂಥ ಮಾರಾಯ್ರೆ ಇದು! ನಿಮ್ಮ ಹನ್ನೊಂದನೆಯವನೇ ಹೀಂಗಿದ್ರೆ ಒಂದನೆಯವ ಎಂಥ ರಾಕ್ಷಸ ಇರ್ಬೇಕು?”

“ನೋಡ್ತಾ ಇರ್ರೀ,” ಎಂದ ಇಮಾಮಣ್ಣ. “ಅವ್ನಿಗಿನ್ನೂ ನಿದ್ದೆ ಬಿಟ್ಟಿಲ್ಲ.”

ನಾವು ನಕ್ಕೆವು. ನಗಲಿಕ್ಕಾದರೂ ಬಿಡುವು ಸಿಕ್ಕಿತಲ್ಲ ಎಂಬಂತೆ ನಕ್ಕೆವು. ಆ ಮೈದಾನ ಕೊಯ್ಲು ಮುಗಿದ ಗದ್ದೆ; ಅದರ ಕೂಳೆಯ ಮೇಲೆ ಶೇಖರನ ಬೂಟು ಮೂರು ಬಾರಿ ಜಾರಿತು. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುವ ಹೊತ್ತು ಬಂತು. ಚೆಂಡು ಬೀರಪ್ಪನ ತೋಳಲ್ಲಿತ್ತು. ಆಗ ಚನ್ನಬಸಣ್ಣ ತಡೆಯಲಾರದೆ ಎದ್ದು ಕೂಗಿದ: “ಬೀರಪ್ಪಾ, ಓಡೋ!” ಇಮಾಮಣ್ಣ ಕೂಗಿದ. ಅಪ್ಪ ಕೂಗಿದರು. ನಾನೂ ಗಂಟಲು ಹರಿಯುವಂತೆ ಕೂಗಿದೆ. ಜಗಲಿಯಲ್ಲಿ ನುಂಗಿದ್ದ ಮಾತನ್ನೆಲ್ಲ ಅಲ್ಲಿ, ಆಡಬಾರದ ಹೊತ್ತಿನಲ್ಲಿ ಆಡಿದೆವು.

ಬೀರಪ್ಪ ನಮ್ಮತ್ತ ನೋಡಿದ. ಚೆಂಡನ್ನು ನೆಲಕ್ಕಿಟ್ಟ, ಓಡಿದ. ಇಬ್ಬರನ್ನು ದಾಟಿದ, ಮೂವರನ್ನು ದಾಟಿದ, ಮೈದಾನದ ನಡುಗೆರೆ ದಾಟಿದ. ಸೊರಬದ ಜನರೂ ಎದ್ದು ನಿಂತರು. ಅವನ ಮುಂದೆ ಉಳಿದದ್ದು ಎದುರಾಳಿ ಗೋಲಿ ಒಬ್ಬನೇ. ಅಷ್ಟರಲ್ಲಿ ಅಂಚಿನ ಕುರ್ಚಿಯಿಂದ ಸಾಹುಕಾರರ ದನಿ ಕೇಳಿತು: “ಶೇಖರಗೆ ಕೊಡೋ, ಬೀರಾ!”

ಅವನು ಕೊಟ್ಟ.

ಶೇಖರ ಹೊಡೆದ ಚೆಂಡು ನೇರ ಅವರ ಗೋಲಿಯ ಕೈಗೆ ಹೋಯಿತು. ಅವನು ಅದನ್ನು ಎತ್ತಿ ಒದ್ದ. ಚೆಂಡು ನಮ್ಮ ಅರ್ಧದಲ್ಲಿ ಬಿದ್ದು, ಪುಟಿದು, ಉರುಳತೊಡಗಿತು. ಜೋರಾಗಿ ಅಲ್ಲ, ಮೇಯುತ್ತ ಮನೆಗೆ ಹೋಗುವ ಕುರಿಯ ಹಾಗೆ, ನಿಧಾನವಾಗಿ. ಗೋಲಿನಲ್ಲಿ ಯಾರೂ ಇರಲಿಲ್ಲ. ಬೀರಪ್ಪ ಅದರ ಹಿಂದೆ ಓಡುತ್ತಿದ್ದ. ಬೆನ್ನ ಮೇಲೆ ವಕ್ರವಾಗಿ ಕೂತ ಎರಡು ಒಂದುಗಳು ಕುಣಿಯುತ್ತಿದ್ದವು. ನಾವು ಅಷ್ಟೂ ಜನ ನೋಡುತ್ತ ನಿಂತಿದ್ದೆವು. ಕೈ ಚಾಚಿದರೆ ಸಿಗುವಷ್ಟು ನಿಧಾನವಾಗಿ ಹೋಗುತ್ತಿದ್ದುದನ್ನು ಯಾರಿಂದಲೂ ತಡೆಯಲಾಗಲಿಲ್ಲ. ಈಗಲೂ ಒಮ್ಮೊಮ್ಮೆ ನನ್ನ ಕಣ್ಣೊಳಗೆ ಆ ಚೆಂಡು ಉರುಳುತ್ತಲೇ ಇರುತ್ತದೆ.

ಬೀರಪ್ಪ ಬಸ್ಸು ಹತ್ತಲಿಲ್ಲ. ಅಂಗಿ ಕಳಚಿ, ಮಡಿಸಿ ಅಪ್ಪನ ಕೈಗೆ ಕೊಟ್ಟ. “ಟೇಲರಪ್ಪಾರೆ, ಇದ್ರಾಗೆ ಒಂದು ಅವರದೈತಿ. ಬಿಚ್ಚಿ ಅವರಿಗೇ ಕೊಟ್ಬಿಡ್ರಿ.” ಕಂಬಳಿ ಹೊದ್ದು ರಸ್ತೆಯ ಅಂಚು ಹಿಡಿದು ನಡೆದ. ಮುಂದಿನ ಸುಗ್ಗಿಗೆ ಅವನ ಮಂದೆ ನಮ್ಮೂರ ಗದ್ದೆಗಳಿಗೆ ಬರಲಿಲ್ಲ. ಚೆಂಡಿಗೆ ಅಂಗಡಿಯ ಎಣ್ಣೆ ತಿಕ್ಕಿದರು.

ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆ ಓದುವಾಗ, ಬಾಯಿಮಾತಿಗಿಂತ ಮೂಲ ದಾಖಲೆ ದೊಡ್ಡದೆಂದು ಗುರುಗಳು ಕಲಿಸಿದರು. ಸುಳ್ಳು ಮೂಲ ದಾಖಲೆಯೊಂದನ್ನು ದುಂಡಗೆ ಬರೆದವಳು ಎದುರಿನ ಬೆಂಚಿನಲ್ಲೇ ಕೂತಿದ್ದಾಳೆಂದು ಅವರಿಗೆ ತಿಳಿದಿರಲಿಲ್ಲ. ಈಗ ಅಪ್ಪ ಇಲ್ಲ. ಇಮಾಮಣ್ಣ ಇಲ್ಲ. ಜಗಲಿ ಒಡೆದು ರಸ್ತೆ ಅಗಲವಾಗಿದೆ. ಆಟಗಾರರ ಅಂಕಿಗಳನ್ನು ಈಗ ಸರಿಯಾದ ಪುಸ್ತಕ ನೋಡಿ ಕೊಡುತ್ತಾರೆ. ಶ್ರೇಷ್ಠರು ಯಾರೆಂಬುದನ್ನು ಬಾಗಿಲು ಹಾಕಿಕೊಂಡ ಸಭೆಯಲ್ಲಿ ತೀರ್ಮಾನಿಸುತ್ತಾರೆ. ಚೆಂಡನ್ನು ಮಡಿಲಲ್ಲಿಟ್ಟುಕೊಂಡು ‘ನಾನು ಕಂಡಿದ್ದೇನೆ’ ಎನ್ನುವ ಜನರ ಪದ್ಧತಿ ಹೋಯಿತು. ಬೀರಪ್ಪನನ್ನು ಕಳೆದುಕೊಂಡದ್ದಕ್ಕಿಂತ ಇದು ಚಿಕ್ಕ ನಷ್ಟವಲ್ಲ. ಇವೆರಡೂ ಒಂದೇ ಬೆಳಿಗ್ಗೆ, ಒಂದೇ ಒದ್ದೆ ಬಟ್ಟೆಯಲ್ಲಿ ಅಳಿಸಿಹೋದವು.

ಸಾಕ್ಷಿ ಏನೆಂದು ಮಂಡಳಿಯವರು ಕೇಳಬಹುದು. ತಮ್ಮದೇ ಸಂಚಿಕೆಯನ್ನು ತೆರೆಯಲಿ. ಸೊರಬದ ಪಂದ್ಯಕ್ಕೆ ಮುನ್ನ ಅತಿಥಿಗಳ ಕೈ ಕುಲುಕುತ್ತಿರುವ ಶೇಖರನ ಚಿತ್ರವಿದೆ. ಬೆನ್ನು ನಮ್ಮ ಕಡೆಗಿದೆ. ಅಂಕಿ ನಡುವಿನಲ್ಲಿಲ್ಲ, ಎಡಕ್ಕಿದೆ. ಬಲಗಡೆ ಒಂದು ಅಂಕಿಯಷ್ಟೇ ಅಗಲದ ಖಾಲಿ ಜಾಗ. ನಮ್ಮಪ್ಪ ಕೈ ಸೋತ ದರ್ಜಿಯಾಗಿರಲಿಲ್ಲ. ಮಾತಾಡಲಾಗದ ಮನುಷ್ಯ ತನಗೆ ತಿಳಿದ ಕೆಲಸದಲ್ಲಿ ಬರೆದಿಟ್ಟ ಹೇಳಿಕೆ ಅದು. ಕಣ್ಣಿದ್ದವರು ಹದಿನೈದು ವರ್ಷ ಅದನ್ನು ನೋಡಲಿಲ್ಲ. ನಾನೂ ನೋಡಿ ಸುಮ್ಮನಿದ್ದೆ.

ಆದ್ದರಿಂದ ಸಂಘದ ಆಡಳಿತ ಮಂಡಳಿಯನ್ನು ಈ ಮೂಲಕ ಬಹಿರಂಗವಾಗಿ ವಿನಂತಿಸುತ್ತೇನೆ. ಬರುವ ಸರ್ವ ಸದಸ್ಯರ ಸಭೆಯಲ್ಲಿ ಈ ಬರಹವನ್ನು ಓದಿಸಬೇಕು. ಪಟ್ಟಿಯನ್ನು ಯಾರು, ಯಾವ ಅಧಿಕಾರದಿಂದ ಬದಲಿಸಿದರೆಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ‘ಗೋಲಿಯ ಅಜಾಗರೂಕತೆ’ ಎಂಬ ಮಾತನ್ನು ಹಿಂತೆಗೆದುಕೊಂಡು, ಆ ಪುಟವನ್ನು ಹೊಸದಾಗಿ ಅಚ್ಚು ಹಾಕಿಸಿ ಎಲ್ಲ ಸದಸ್ಯರಿಗೂ ತಲುಪಿಸಬೇಕು. ಬೀರಪ್ಪನವರ ಮಂದೆ ಸುಗ್ಗಿಯಾದ ಮೇಲೆ ಸೊರಬದ ಕಡೆಯ ಗದ್ದೆಗಳಲ್ಲಿ ನಿಲ್ಲುತ್ತದೆಂದು ಕೇಳಿದ್ದೇನೆ. ಹೊಸ ಪುಟವನ್ನು ಮಂಡಳಿಯವರೇ ಅಲ್ಲಿಗೆ ಹೋಗಿ ಅವರಿಗೆ ಓದಿ ಹೇಳಬೇಕು, ಅವರ ಹೆಸರು ಯಾವುದೆಂದು ತೋರಿಸಬೇಕು.

ಪಟ್ಟಿಯನ್ನು ಮತ್ತೆ ಬರೆಯುವುದಕ್ಕೆ ಕೈ ಬೇಕಾದರೆ, ಅಂದು ತಪ್ಪು ಬರೆದ ಕೈ ಸಿದ್ಧವಿದೆ. ತಮ್ಮ ಉತ್ತರವನ್ನು ನಿರೀಕ್ಷಿಸುತ್ತಿದ್ದೇನೆ.